ಸ್ಪ್ರಿಂಗು ಬಂದಿಲ್ಲ

ಮಂಡಿ ಮೊಹಲ್ಲಾದ ಮೂರನೇ ತಿರುವಿನಲ್ಲಿ
ಬೋರ್ಡಿನ ಅರ್ಧ ಅಕ್ಷರ ಉದುರಿದ ಅಂಗಡಿ.
ಒಳಗೆ ನನ್ನ ಸೋದರಮಾವ ನಂಜಾಚಾರ್ರು,
ಅವರ ಕಿವಿ.

ಕಿವಿಯೇ ಮೊದಲು, ಕಣ್ಣು ಆಮೇಲೆ.
ಬಿಚ್ಚಿದ ಚೌಕಟ್ಟನ್ನು ಎರಡು ಬೆರಳಲ್ಲಿ ತೂಗಿ ಹಿಡಿದು
ಉಗುರಿನಿಂದ ತಟ್ಟುತ್ತಾರೆ,
ತೆಂಗಿನಕಾಯಿ ಆರಿಸುವವರ ಹಾಗೆ.
ಬಡಿದ ಉಕ್ಕಾದರೆ ದನಿ ಒಂದಿಷ್ಟು ದೂರ ಹೋಗಿ ತಿರುಗಿ ನೋಡುತ್ತದೆ,
ಎರಕವಾದರೆ ಟಪ್ಪೆಂದು ಅಲ್ಲೇ ಸಾಯುತ್ತದೆ.
"ಬರ್ಕೊ," ಅನ್ನುತ್ತಾರೆ.
ಹದಿನಾರು ವರ್ಷದಿಂದ ಈ ಲೆಡ್ಜರು ನನ್ನದು:
ಲೈಸೆನ್ಸ್ ನಂಬರು, ಊರು, ಕಾಯಿಲೆ.

ವೆಬ್ಲಿ. ಬರ್ಮಿಂಗ್‌ಹ್ಯಾಮಿನದು, ಯಾರದೋ ಮುತ್ತಾತನದು.
ನೀಲಿ ಹೋಗಿ ಬಾಳೆಹೂವಿನ ಬಣ್ಣಕ್ಕೆ ತಿರುಗಿದೆ.
ಆದರೂ ಮಡಚಿ ತೆರೆದರೆ ಕೀಲು
ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ಮುಚ್ಚಳ, ಸದ್ದೇ ಇಲ್ಲ.
"ಇದನ್ನ ಮಾಡ್ದೋನು ಕೂಲಿ ಲೆಕ್ಕ ಹಾಕ್ಕೊಂಡು ಮಾಡಿಲ್ಲ."

ಕಾನ್ಪುರದ್ದು ಅದೇ ವಂಶ, ಅದೇ ಮೂಗು.
ಉಕ್ಕು ಪರವಾಗಿಲ್ಲ; ಅರ ಮಾತ್ರ
ಗೀರುಗಳನ್ನು ಹಾಗೇ ಬಿಟ್ಟು
ಐದು ಗಂಟೆಗೇ ಮನೆಗೆ ಹೋಗಿದೆ.
ಕುದುರೆ ಎಳೆದರೆ ಹಳ್ಳಕ್ಕಿಳಿದ ಗಾಡಿ ಎಳೆದ ಹಾಗೆ.

ವಾಲ್ಥರ್, ಡಾಕ್ಟರೊಬ್ಬರ ವಿಧವೆ ತಂದದ್ದು.
ಮೇಲಿನ ಭಾಗ ಹಿಂದೆ ಸರಿಯುವಾಗ
ಕೆನೆಯ ಮೇಲೆ ಚಮಚ.
ಮಾವ ಮೂರು ಸಲ ಸರಿಸಿದರು, ಬೇಕಿದ್ದದ್ದು ಒಂದೇ ಸಲ.

ಫಳಫಳ ಹೊಳೆಯುವುದೊಂದು ಬಂದಿತ್ತು, ಹೆಸರಿಲ್ಲದ್ದು.
ಅಯಸ್ಕಾಂತ ಮುಖ ತಿರುಗಿಸಿತು.
ನಾವೂ.

ಶೂಟಿಂಗ್ ಸ್ಪರ್ಧೆಯ ಹುಡುಗನೊಬ್ಬ
ಆಸ್ಟ್ರಿಯಾದ ಕರೀ ಗ್ಲಾಕ್ ತೋರಿಸಿದ, ಹಿಡಿಯೆಲ್ಲ ಪ್ಲಾಸ್ಟಿಕ್ಕು.
ಮಾವ ತಟ್ಟಿದರು. ಇನ್ನೊಮ್ಮೆ ತಟ್ಟಿದರು.
"ಒಳ್ಳೇದೇ ಕಣಪ್ಪ. ಮಳೆಗೆ ಬಗ್ಗಲ್ಲ, ಬೆವರಿಗೆ ಬಗ್ಗಲ್ಲ.
ಆದ್ರೆ ಯಾರು ಹಿಡಿದ್ರು ಅಂತ ನೆನಪೂ ಇಟ್ಕೊಳ್ಳಲ್ಲ."

ನೆನಪಿಟ್ಟುಕೊಳ್ಳುವುದು ಉಕ್ಕು.

ಮದ್ದೂರಿನ ಅಕ್ಕಿ ಗಿರಣಿಯ ಚನ್ನವೀರೇಗೌಡರದು
ನಾಲ್ಕು ವರ್ಷದ ಕಾನ್ಪುರಿ.
ಒಂದು ಗುಂಡೂ ಹಾರಿಲ್ಲ, ನಳಿಗೆಯೊಳಗೆ ಕನ್ನಡಿ.
ಹಿಂಬದಿಯಲ್ಲಿ ಮಾತ್ರ
ಹೆಬ್ಬೆಟ್ಟಿನ ಗಾತ್ರ, ಹೆಬ್ಬೆಟ್ಟಿನ ಆಕಾರ,
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿಸಿಕೊಂಡಷ್ಟು ಸ್ಪಷ್ಟವಾಗಿ
ತುಕ್ಕು.

ಮಾವ ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು.
"ದಿನಾ ರಾತ್ರಿ ತೆಗೀತಾರೆ. ತೆಗೆದು, ಮತ್ತೆ ಇಡ್ತಾರೆ."
ಕಳ್ಳರ ಭಯವಾ?
"ಕಳ್ಳರ ಭಯ ಇರೋರು ಎಣ್ಣೆ ಹಾಕಿರ್ತಾರೆ."

ಆಮೇಲೆ ಬರೆಸಿದರು:
ಸ್ಪ್ರಿಂಗು ದುರ್ಬಲ. ಕಾನ್ಪುರದಿಂದ ಬರಬೇಕು.
ಸ್ಪ್ರಿಂಗು ಚೆನ್ನಾಗಿತ್ತು. ನಾನೇ ಒತ್ತಿ ನೋಡಿದ್ದೆ.

ಆಷಾಢ ಕಳೆಯಿತು, ನಾಲೆಗೆ ನೀರು ಬಿಟ್ಟರು.
ಗೌಡರು ಎರಡು ಸಲ ಫೋನು ಮಾಡಿದರು,
ದಸರಾ ಆದಮೇಲೆ ಮಾಡಲಿಲ್ಲ.
ಒಂದು ಬುಧವಾರ ಅವರ ಹೆಂಡತಿ ಕೆಂಪಾಜಮ್ಮ
ಬಸ್ಸಿಳಿದು ನಡೆದೇ ಬಂದರು,
ಕೈಯಲ್ಲಿ ರಾಜಮುಡಿ ಅಕ್ಕಿಯ ಬಟ್ಟೆಚೀಲ.

"ಸ್ಪ್ರಿಂಗು ಬಂತಾ?"
"ಇಲ್ಲ ತಾಯಿ."
"ಇನ್ನೂ ತಡ ಆಗುತ್ತಾ?"
ಮಾವ ನನ್ನ ಕಡೆ ನೋಡಿದರು. ನಾನು ಲೆಡ್ಜರು ನೋಡಿದೆ.
"ಕಾನ್ಪುರ ಬಹಳ ದೂರ ತಾಯಿ."
ಆಕೆ ಚೀಲವನ್ನು ಕಟ್ಟೆಯ ಮೇಲಿಟ್ಟು
ಸೆರಗಿನಲ್ಲಿ ಕತ್ತು ಒರೆಸಿಕೊಂಡರು.
"ದೂರಾನೇ ಇರ್ಲಿ," ಅಂದರು.
ನೀರು ಕೂಡ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೊರಟರು.

ಅದು ಈಗಲೂ ಕಬ್ಬಿಣದ ಬೀರುವಿನಲ್ಲಿದೆ.
ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತೇನೆ;
ಆ ಹೆಬ್ಬೆಟ್ಟನ್ನು ಉಜ್ಜಲು ಮಾವ ಬಿಟ್ಟಿಲ್ಲ.
ಮೊನ್ನೆ ಹೊಸ ಲೆಡ್ಜರಿಗೆ ಹಳೆಯದನ್ನು ಇಳಿಸುವಾಗ
ಈ ಸಾಲಿಗೆ ಏನು ಬರೆಯಲಿ ಅಂದೆ.
ಕನ್ನಡಕ ಹಣೆಗೇರಿಸಿ, ಯಾವುದೋ ವೆಬ್ಲಿಯನ್ನು ತಟ್ಟುತ್ತ,
"ಬರ್ಕೊ. ಉಕ್ಕು ಪರವಾಗಿಲ್ಲ.
ಸ್ಪ್ರಿಂಗು ಬಂದಿಲ್ಲ."